ಕೋಠಿಯಿಂದ ಹೋದ ಮಕ್ಕಳು, ಕೋಠಿಗೆ ಬಂದ ಮಕ್ಕಳು

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಆತುರದಲ್ಲಿ ಬಿಟ್ಟುಹೋದ ಕೆಲವು ವಿವರ ಸೇರಿಸಿ ಇಲ್ಲಿ ಬರೆದಿದ್ದೀನಿ. ಓದೋಕೆ ಹತ್ತು ಹನ್ನೆರಡು ನಿಮಿಷ ಬೇಕು.

ನಮ್ಮಂಥ ಐಟಿ ಮಂದಿಯ ಮನೆಗಳಲ್ಲಿ ಈಗ ಒಂದು ಹೊಸ ಚರ್ಚೆ ಶುರುವಾಗಿದೆ. ಮೊದಲು "ಎಂಎಸ್‌ಗೆ ಕಳಿಸೋದಾ" ಅಂತ ಕೇಳ್ತಿದ್ದವರು ಈಗ "ಹನ್ನೊಂದನೇ ಕ್ಲಾಸಿಗೇ ಕಳಿಸಿದ್ರೆ ಹೇಗೆ" ಅಂತ ಕೇಳ್ತಾರೆ. ಒಂದು ವರ್ಷದ ಎಕ್ಸ್‌ಚೇಂಜ್ ಇದೆಯಂತೆ, ಅಲ್ಲೊಂದು ಮನೆಯವರು ಮಗುವನ್ನ ಇಟ್ಕೊಂಡು ನೋಡ್ಕೋತಾರಂತೆ, ಖರ್ಚೂ ಅಷ್ಟಿಲ್ಲವಂತೆ. ಅಮ್ಮ ಅಪ್ಪ ಇಬ್ಬರೂ ಎಕ್ಸೆಲ್ ಶೀಟ್ ತೆಗೆದು ಫೀಸು, ವೀಸಾ, ವಿಮೆ ಎಲ್ಲ ಕೂಡಿಸ್ತಾರೆ. ಆ ಶೀಟಿನಲ್ಲಿ ಒಂದು ಕಾಲಮ್ ಮಾತ್ರ ಯಾವಾಗಲೂ ಖಾಲಿ ಇರುತ್ತೆ: ಆ ಮಗುವಿಗೆ ಅನ್ನ ಹಾಕೋರು ಯಾರು, ಅವರು ಯಾಕೆ ಹಾಕ್ತಾರೆ?

ಇವತ್ತಿನ ಮಾತು ಆ ಕಾಲಮ್ಮಿನ ಬಗ್ಗೆ. ಇದಕ್ಕೆ ಹೈದರಾಬಾದಿನ ಕೋಠಿಗಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಗಚ್ಚಿಬೌಲಿ, ಮಾದಾಪುರದಲ್ಲಿ ವರ್ಷಗಟ್ಟಲೆ ಇದ್ದೂ ಕೋಠಿಗೆ ಹೋಗದ ಕನ್ನಡಿಗರು ಬಹಳ. ಹೋದವರಿಗೂ ಅದು ಹಳೆ ಪುಸ್ತಕದ ಅಂಗಡಿಗಳ ಸಾಲು, ಸುಲ್ತಾನ್ ಬಜಾರಿನ ಸೀರೆ, ಬಸ್ಸಿನ ಗದ್ದಲ, ಅಷ್ಟೆ. ಆ ಫುಟ್‌ಪಾತಿನಲ್ಲಿ ಜಿಆರ್‌ಇ, ಐಇಎಲ್‌ಟಿಎಸ್ ಪುಸ್ತಕಗಳ ಗುಡ್ಡೆ ಇರುತ್ತಲ್ಲ, ಅದರ ಹತ್ತಿರವೇ ಇದೆ ಈ ಊರಿನ ಅತಿ ಹಳೆಯ ವಿದೇಶ ವ್ಯಾಸಂಗದ ಕಥೆ. ಒಂದಲ್ಲ, ಮೂರು ಕಥೆ. ಒಂದು 1805ರದು, ಒಂದು 1895ರದು, ಇನ್ನೊಂದು ನಮ್ಮದೇ ಬೀದರ್, ಕಲಬುರಗಿ, ರಾಯಚೂರಿನ ಹುಡುಗರದು.

ಮೂರು ವರ್ಷದ ಹುಡುಗಿ

ಕೋಠಿ ಅಂದ್ರೆ ಬಂಗಲೆ. ಯಾರ ಬಂಗಲೆ? ಬ್ರಿಟಿಷ್ ರೆಸಿಡೆಂಟರದು. ನಿಜಾಮರ ದರ್ಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯಾಗಿ ಇರುತ್ತಿದ್ದ ಅಧಿಕಾರಿಗೆ ರೆಸಿಡೆಂಟ್ ಅಂತ ಹೆಸರು. ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಎಂಬಾತ 1798ರಿಂದ 1805ರವರೆಗೆ ಆ ಹುದ್ದೆಯಲ್ಲಿದ್ದ. ಈಗಲೂ ನಿಂತಿರುವ ಆ ದೊಡ್ಡ ಕಂಬಗಳ ಕಟ್ಟಡವನ್ನು 1803ರ ಸುಮಾರಿಗೆ ಕಟ್ಟಿಸಲು ಶುರುಮಾಡಿದವನು ಅವನೇ. ಅವನು ಹೈದರಾಬಾದಿನ ಶ್ರೀಮಂತ ಮನೆತನದ ಖೈರುನ್ನಿಸಾ ಎಂಬ ಹುಡುಗಿಯನ್ನು ಮದುವೆಯಾದ. ವಿಲಿಯಂ ಡಾಲ್ರಿಂಪಲ್ 2002ರಲ್ಲಿ ಬರೆದ 'ವೈಟ್ ಮುಘಲ್ಸ್' ಪುಸ್ತಕದಿಂದ ಈ ಪ್ರೇಮಕಥೆ ತುಂಬ ಜನರಿಗೆ ಗೊತ್ತಾಗಿದೆ. ನಾನು ಹೇಳೋಕೆ ಹೊರಟಿರೋದು ಪ್ರೇಮಕಥೆಯಲ್ಲ, ಅವರ ಮಕ್ಕಳ ಕಥೆ.

ಇಬ್ಬರು ಮಕ್ಕಳು. ಹುಡುಗನನ್ನು ಮನೆಯಲ್ಲಿ ಸಾಹಿಬ್ ಆಲಂ ಅಂತ ಕರೀತಿದ್ರು, ಹುಟ್ಟಿದ್ದು 1801. ಹುಡುಗಿ ಸಾಹಿಬ್ ಬೇಗಂ, ಹುಟ್ಟಿದ್ದು 1802. ಮನೆಮಾತು ಪರ್ಷಿಯನ್, ದಖ್ಖನಿ. 1805ರಲ್ಲಿ ಈ ಇಬ್ಬರನ್ನೂ ಮದರಾಸಿನಿಂದ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದರು. ನಾಲ್ಕು ವರ್ಷದ ಹುಡುಗ, ಮೂರು ವರ್ಷದ ಹುಡುಗಿ. ತಾಯಿಗೆ ಆಗ ಹೆಚ್ಚೆಂದರೆ ಇಪ್ಪತ್ತು ವರ್ಷ.

ಯಾಕೆ ಕಳಿಸಿದರು? ಅಪ್ಪ ಕಟುಕನೇನೂ ಅಲ್ಲ. ಲೆಕ್ಕಾಚಾರ ಇತ್ತು. 1790ರ ದಶಕದಿಂದ ಕಂಪನಿ ಒಂದು ನಿಯಮ ತಂದಿತ್ತು. ತಂದೆತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದರೆ ಆ ಮಗನಿಗೆ ಕಂಪನಿಯ ಒಳ್ಳೆ ನೌಕರಿ ಇಲ್ಲ. ಇಲ್ಲೇ ಬೆಳೆದರೆ ಆ ಕಡೆಯವರೂ ಅಲ್ಲ, ಈ ಕಡೆಯವರೂ ಅಲ್ಲ. ಅಲ್ಲಿ ಬೆಳೆದರೆ, ಅದೂ ಮೈಬಣ್ಣ ಸ್ವಲ್ಪ ಬಿಳಿ ಇದ್ದರೆ, ಇಂಗ್ಲಿಷರಾಗಿಯೇ ಬದುಕಬಹುದು. ಅಂದ್ರೆ ಮಕ್ಕಳ ಭವಿಷ್ಯಕ್ಕಾಗಿಯೇ ಕಳಿಸಿದ್ದು. ಈ ವಾಕ್ಯ ಎಲ್ಲೋ ಕೇಳಿದ ಹಾಗಿದೆ, ಅಲ್ವಾ?

ಮುಂದೆ ಆಗಿದ್ದೇನು ನೋಡಿ. ಮಕ್ಕಳ ಹಡಗು ಹೊರಟ ಕೆಲವೇ ವಾರಗಳಲ್ಲಿ, 1805ರ ಅಕ್ಟೋಬರಿನಲ್ಲಿ, ಅಪ್ಪ ಕಲ್ಕತ್ತದಲ್ಲಿ ತೀರಿಹೋದ. ಮಕ್ಕಳು ಇಂಗ್ಲೆಂಡಿನಲ್ಲಿ ಅಜ್ಜನ ಮನೆ ಸೇರಿದರು. 1806ರ ಮಾರ್ಚಿನಲ್ಲಿ ಲಂಡನ್ನಿನ ಚರ್ಚೊಂದರಲ್ಲಿ ಅವರಿಗೆ ಬ್ಯಾಪ್ಟಿಸಂ ಮಾಡಿಸಿ ಹೊಸ ಹೆಸರಿಟ್ಟರು. ಸಾಹಿಬ್ ಆಲಂ ವಿಲಿಯಂ ಜಾರ್ಜ್ ಆದ. ಸಾಹಿಬ್ ಬೇಗಂ ಕ್ಯಾಥರಿನ್ ಅರೋರಾ ಆದಳು, ಮನೆಯಲ್ಲಿ ಕಿಟ್ಟಿ. ತಾಯಿಗೆ ಆ ಮಕ್ಕಳ ಮುಖ ಮತ್ತೆ ಕಾಣಲಿಲ್ಲ. ಖೈರುನ್ನಿಸಾ 1813ರಲ್ಲಿ, ಇಪ್ಪತ್ತೇಳರ ಆಸುಪಾಸಿನಲ್ಲಿ ಸತ್ತಳು. ಹುಡುಗ ಒಂದು ಅಪಘಾತದಲ್ಲಿ ಅಂಗಹೀನನಾಗಿ, ಮೂವತ್ತು ತುಂಬುವ ಮೊದಲೇ 1828ರಲ್ಲಿ ಹೋದ.

ಕಿಟ್ಟಿ ಮಾತ್ರ ಬದುಕಿದಳು. ಅಜ್ಜ ಹೋದ ಮೇಲೆ ದಾಯಾದಿ ಬಂಧುಗಳ ಮನೆಗಳಲ್ಲಿ ಬೆಳೆದಳು. ಅವರು ಪ್ರೀತಿಯಿಂದಲೇ ನೋಡಿಕೊಂಡರು. ಆ ಮನೆಗಳಲ್ಲೊಂದಕ್ಕೆ ಪಾಠ ಹೇಳೋಕೆ ಬಂದಿದ್ದ ತರುಣ ಥಾಮಸ್ ಕಾರ್ಲೈಲ್ ಅವಳನ್ನು ನೋಡಿ ಮನಸೋತ ಅಂತಲೂ, ಅವನ 'ಸಾರ್ಟರ್ ರಿಸಾರ್ಟಸ್' ಪುಸ್ತಕದ ನಾಯಕಿಗೆ ಅವಳೇ ಮೂಲ ಅಂತಲೂ ಹೇಳ್ತಾರೆ. 1829ರಲ್ಲಿ ಒಬ್ಬ ಕ್ಯಾಪ್ಟನನ್ನು ಮದುವೆಯಾಗಿ ಸಂಸಾರ ಮಾಡಿದಳು. ಊಟಕ್ಕೆ, ಬಟ್ಟೆಗೆ, ಮರ್ಯಾದೆಗೆ ಕೊರತೆ ಇರಲಿಲ್ಲ. ಇಷ್ಟಾದರೂ ಮೂವತ್ತೈದು ವರ್ಷಗಳ ಕಾಲ ಹೈದರಾಬಾದಿನಿಂದ ಅವಳಿಗೆ ಒಂದು ಸುದ್ದಿ ಇಲ್ಲ.

1840ರ ದಶಕದಲ್ಲಿ ಅವಳು ಒಬ್ಬರ ಮನೆಗೆ ಹೋದಾಗ ಗೋಡೆಯ ಮೇಲೆ ಒಂದು ಚಿತ್ರ ಕಂಡಿತು. ಜಾರ್ಜ್ ಚಿನ್ನರಿ ಎಂಬ ಕಲಾವಿದ ಮದರಾಸಿನಲ್ಲಿ 1805ರಲ್ಲಿ ಬರೆದಿದ್ದ ಚಿತ್ರ, ಹೈದರಾಬಾದಿ ಉಡುಪಿನ ಇಬ್ಬರು ಮಕ್ಕಳು. ಅವಳೂ ಅವಳ ಅಣ್ಣನೂ! ಅಲ್ಲಿಂದ ಎಳೆ ಹಿಡಿದು ಹೋಗಿ ಗೊತ್ತಾಗಿದ್ದೇನಂದ್ರೆ, ಹೈದರಾಬಾದಿನಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಅಂದ್ರೆ ತಾಯಿಯ ತಾಯಿ ಶರಫುನ್ನಿಸಾ ಇನ್ನೂ ಬದುಕಿದ್ದಾರೆ. ಆಮೇಲೆ ಕೆಲವು ವರ್ಷ ಅಜ್ಜಿ ಮೊಮ್ಮಗಳ ನಡುವೆ ಪತ್ರ ಓಡಾಡಿತು. ಅಜ್ಜಿ ಬರೆಸಿದ್ದು ಪರ್ಷಿಯನ್ನಿನಲ್ಲಿ, ಮೊಮ್ಮಗಳು ಬರೆದದ್ದು ಇಂಗ್ಲಿಷಿನಲ್ಲಿ. ನಡುವೆ ಒಬ್ಬ ಇಂಗ್ಲಿಷ್ ಅಧಿಕಾರಿ ಅನುವಾದ ಮಾಡಬೇಕಾಗಿತ್ತು. 1847ರಲ್ಲಿ ಅಜ್ಜಿಯೂ ಹೋದರು. ಕಿಟ್ಟಿ 1889ರಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ತೀರಿಕೊಂಡಳು. ಕೋಠಿಗೆ ಅವಳು ಒಮ್ಮೆಯೂ ವಾಪಸ್ ಬರಲಿಲ್ಲ.

ಈ ಕಥೆಯಲ್ಲಿ ಆತಿಥ್ಯ ಇತ್ತು, ಪ್ರೀತಿಯೂ ಇತ್ತು. ಎರಡು ಇರಲಿಲ್ಲ: ಪತ್ರ ಹಾಕುವ ದಾರಿ, ಮರಳುವ ದಾರಿ. ಇಟ್ಟುಕೊಂಡವರು ಮಗುವನ್ನು ಪೂರ್ತಿ ತಮ್ಮದು ಮಾಡಿಕೊಂಡುಬಿಟ್ಟರು, ಹೆಸರಿನ ಸಮೇತ. ಮಕ್ಕಳನ್ನು ಪರರ ಮನೆಯಲ್ಲಿ ಇಡುವುದರ ಒಂದು ತುದಿ ಇದು.

ಹದಿನಾರರ ಹುಡುಗಿ

ಎರಡನೇ ಕಥೆ ತೊಂಬತ್ತು ವರ್ಷ ಆದಮೇಲೆ. ಕೋಠಿಯಿಂದ ಆಬಿಡ್ಸ್ ದಾಟಿ ನಾಂಪಲ್ಲಿ ಸ್ಟೇಷನ್ ರಸ್ತೆಗೆ ಬಂದರೆ 'ಗೋಲ್ಡನ್ ಥ್ರೆಶೋಲ್ಡ್' ಅನ್ನೋ ಹಳೆ ಮನೆ ಇದೆ, ಈಗ ಹೈದರಾಬಾದ್ ವಿಶ್ವವಿದ್ಯಾಲಯದ ಆಸ್ತಿ. ಸರೋಜಿನಿ ನಾಯ್ಡು ಅವರ ಮನೆ. ಅವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯ ಬಂಗಾಳದವರು, ಎಡಿನ್‌ಬರೊದಲ್ಲಿ ಓದಿ ಡಾಕ್ಟರೇಟ್ ಪಡೆದವರು. ಹೈದರಾಬಾದಿಗೆ ಬಂದು ಮುಂದೆ ನಿಜಾಂ ಕಾಲೇಜ್ ಆದ ಸಂಸ್ಥೆಯನ್ನು ಕಟ್ಟಿದವರು. ಅಂದ್ರೆ ಇದೂ ಒಂದು ವಲಸೆ ಕುಟುಂಬವೇ. ಅಪ್ಪ ಕೆಲಸಕ್ಕೆ ಬಂದ ಊರಲ್ಲಿ ಮಗಳು ಹುಟ್ಟಿ ಬೆಳೆದವಳು, ನಮ್ಮ ಮಕ್ಕಳ ಹಾಗೆ.

ಸರೋಜಿನಿ 1879ರಲ್ಲಿ ಹುಟ್ಟಿದ್ದು. ಹನ್ನೆರಡನೇ ವಯಸ್ಸಿಗೆ ಮದರಾಸ್ ವಿಶ್ವವಿದ್ಯಾಲಯದ ಮೆಟ್ರಿಕ್ ಪಾಸು. ಆಮೇಲೆ ಗೋವಿಂದರಾಜುಲು ನಾಯ್ಡು ಎಂಬ ಡಾಕ್ಟರರ ಜೊತೆ ಪ್ರೀತಿ. ಜಾತಿ ಬೇರೆ, ಪ್ರಾಂತ್ಯ ಬೇರೆ, ಹುಡುಗಿಯ ವಯಸ್ಸೂ ಸಣ್ಣದು. ಮನೆಯವರು ಒಪ್ಪಲಿಲ್ಲ. 1895ರಲ್ಲಿ ನಿಜಾಮ ಮಹಬೂಬ್ ಅಲಿ ಖಾನರ ವಿಶೇಷ ವಿದ್ಯಾರ್ಥಿವೇತನದ ಮೇಲೆ ಹದಿನಾರರ ಹುಡುಗಿಯನ್ನು ಇಂಗ್ಲೆಂಡಿಗೆ ಕಳಿಸಿದರು. ಅವಳಿಗೆ ಹೋಗೋಕೆ ಮನಸ್ಸಿರಲಿಲ್ಲ. ನಾವು ಪಠ್ಯಪುಸ್ತಕದಲ್ಲಿ "ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಿದರು" ಅಂತ ಒಂದು ಸಾಲು ಓದ್ತೀವಲ್ಲ, ಅದರ ಒಳಗೆ ಇಷ್ಟೆಲ್ಲ ಇದೆ.

ಲಂಡನ್ನಿನಲ್ಲಿ ಅವಳನ್ನು ನೋಡಿಕೊಂಡವರು ಎಲಿಜಬೆತ್ ಅಡಿಲೇಡ್ ಮ್ಯಾನಿಂಗ್ ಎಂಬ ಹಿರಿಯ ಮಹಿಳೆ. ಇವರ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಮೇರಿ ಕಾರ್ಪೆಂಟರ್ 1870ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟುಹಾಕಿದ ನ್ಯಾಷನಲ್ ಇಂಡಿಯನ್ ಅಸೋಸಿಯೇಷನ್ನಿಗೆ ಮ್ಯಾನಿಂಗ್ 1877ರಿಂದ ಕಾರ್ಯದರ್ಶಿ. ಭಾರತದಿಂದ ಓದೋಕೆ ಬಂದ ಹುಡುಗ ಹುಡುಗಿಯರಿಗೆ ವಸತಿ ಹುಡುಕಿಕೊಡೋದು, ಯಾರ್‍ಯಾರನ್ನೋ ಪರಿಚಯ ಮಾಡಿಸೋದು, ಮನೆಯಲ್ಲಿ ಸಂಜೆ ಕೂಟ ಏರ್ಪಡಿಸೋದು ಅವರ ಕೆಲಸ. ವಕೀಲೆ ಕಾರ್ನೀಲಿಯಾ ಸೊರಾಬ್ಜಿಗೂ ಆಸರೆಯಾಗಿದ್ದವರು ಇವರೇ. ಇವರ ಬೈಠಕ್ಕಿನ ವಲಯದಲ್ಲೇ ಸರೋಜಿನಿಗೆ ವಿಮರ್ಶಕ ಎಡ್ಮಂಡ್ ಗಾಸ್ ಪರಿಚಯ ಆಗಿದ್ದು. ಗಾಸ್ ಅವಳ ಪದ್ಯ ಓದಿ, ಇಂಗ್ಲೆಂಡಿನ ಹಕ್ಕಿ ಹೂವಿನ ಬಗ್ಗೆ ಬರೆಯೋದು ಬಿಟ್ಟು ನಿನ್ನ ದೇಶದ್ದನ್ನು ಬರಿ ಅನ್ನುವ ಅರ್ಥದ ಮಾತು ಹೇಳಿದ್ದು ಈಗ ಪ್ರಸಿದ್ಧ.

ಸರೋಜಿನಿ ಕಿಂಗ್ಸ್ ಕಾಲೇಜಿನಲ್ಲಿ, ಆಮೇಲೆ ಕೇಂಬ್ರಿಜ್ಜಿನ ಗರ್ಟನ್ ಕಾಲೇಜಿನಲ್ಲಿ ಓದಿ, ಆರೋಗ್ಯ ಕೆಟ್ಟು, 1898ರಲ್ಲಿ ಡಿಗ್ರಿ ಇಲ್ಲದೆ ವಾಪಸ್ ಬಂದರು. ಇವತ್ತಿನ ಲೆಕ್ಕದಲ್ಲಿ "ರಿಟರ್ನ್ ಆನ್ ಇನ್ವೆಸ್ಟ್‌ಮೆಂಟ್" ಸೊನ್ನೆ. ಬಂದ ವರ್ಷವೇ, ಡಿಸೆಂಬರಿನಲ್ಲಿ, ಅದೇ ಡಾಕ್ಟರರನ್ನು ಮದುವೆಯಾದರು. ಅಂದ್ರೆ ಕಳಿಸಿದ ಉದ್ದೇಶ ಎರಡೂ ಫೇಲ್. ಆದರೆ 1905ರಲ್ಲಿ ಬಂದ ಮೊದಲ ಕವನ ಸಂಕಲನ 'ದಿ ಗೋಲ್ಡನ್ ಥ್ರೆಶೋಲ್ಡ್'ಗೆ ಮುನ್ನುಡಿ ಬರೆದವರು ಆರ್ಥರ್ ಸೈಮನ್ಸ್, ಅದೇ ಇಂಗ್ಲೆಂಡ್ ದಿನಗಳ ಪರಿಚಯ. ಹೊಸ್ತಿಲು ಅನ್ನೋ ಹೆಸರೇ ಆಮೇಲೆ ಮನೆಗೂ ಬಂತು. ಮುಂದೆ ಆ ಹೊಸ್ತಿಲನ್ನು ದಾಟಿ ಬರದ ಕವಿಯಿಲ್ಲ, ಹೋರಾಟಗಾರನಿಲ್ಲ. ಇಟ್ಟುಕೊಂಡವರ ಮನೆಯಲ್ಲಿ ಕಲಿತದ್ದನ್ನು ಅವರು ತಮ್ಮ ಮನೆಯಲ್ಲಿ ಮಾಡಿದರು ಅಂತ ನನಗನಿಸುತ್ತೆ.

ಕಿಟ್ಟಿಗೂ ಸರೋಜಿನಿಗೂ ವ್ಯತ್ಯಾಸ ಏನು? ವಯಸ್ಸು ಒಂದು. ಹದಿನಾರರ ಹುಡುಗಿಗೆ ತನ್ನ ಭಾಷೆ, ತನ್ನ ಹೆಸರು, ತನ್ನ ಹಟ ಎಲ್ಲ ಗಟ್ಟಿಯಾಗಿರುತ್ತೆ. ಇಂಗ್ಲೆಂಡಿನಿಂದ ಅವಳು ಊರಿಗೆ ಪತ್ರ ಬರೆಯುತ್ತಲೇ ಇದ್ದಳು. ಇನ್ನೊಂದು, ಮ್ಯಾನಿಂಗ್ ಅವರ ಆತಿಥ್ಯದ ಗುಣ. ಅವರಿಗೆ ಬೇಕಾಗಿದ್ದುದು ಮಗಳಲ್ಲ, ಅತಿಥಿ. ಅತಿಥಿ ಅಂದ ಮೇಲೆ ವಾಪಸ್ ಹೋಗೋದು ಖಚಿತ, ಅದು ಇಬ್ಬರಿಗೂ ಮೊದಲಿನಿಂದಲೇ ಗೊತ್ತು.

ನಮ್ಮ ಹುಡುಗರ ವಿದೇಶ

ಈಗ ಮೂರನೇದು, ನಮ್ಮದು. ಬೆಂಗಳೂರು ಮೈಸೂರಿನ ಕಡೆಯವರಿಗೆ ಇದು ಅಷ್ಟಾಗಿ ಗೊತ್ತಿರಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ನಿಜಾಮರ ರಾಜ್ಯ. ಈಗಿನ ಯಾದಗಿರಿ, ಕೊಪ್ಪಳ ಕೂಡ ಅದರೊಳಗೇ. ಅಲ್ಲಿನ ಹುಡುಗ ದೊಡ್ಡ ಓದು ಓದಬೇಕಂದ್ರೆ ಧಾರವಾಡಕ್ಕಿಂತ ಮೊದಲು ಹೈದರಾಬಾದ್ ನೆನಪಾಗ್ತಿತ್ತು. ವಾಡಿ ಜಂಕ್ಷನ್ನಿನಿಂದ ಹೈದರಾಬಾದಿನ ಕಡೆಗೆ 1874ರಲ್ಲೇ ರೈಲು ಬಂದಿತ್ತು. ಆ ರೈಲು ಹತ್ತಿದರೆ ಇಳಿಯೋದು ಬೇರೆ ಭಾಷೆಯ ಊರಲ್ಲಿ.

ಬೇರೆ ಭಾಷೆ ಅಂದ್ರೆ ಬೀದಿಯಲ್ಲಿ ಮಾತ್ರ ಅಲ್ಲ, ತರಗತಿಯಲ್ಲೂ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಉರ್ದು. ಗಣಿತ, ವಿಜ್ಞಾನ, ವೈದ್ಯಕೀಯ ಎಲ್ಲವೂ ಉರ್ದುವಿನಲ್ಲಿ. ಅದಕ್ಕೆಂದೇ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ಕಟ್ಟಿ ಪುಸ್ತಕ ತಯಾರಿಸಿದ್ದರು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದು ದೊಡ್ಡ ಸಾಧನೆಯೇ, ಅದನ್ನು ಕಡಿಮೆ ಮಾಡೋದು ಬೇಡ. ಆದರೆ ಮನೆಯಲ್ಲಿ ಕನ್ನಡ ಮಾತಾಡೋ ಹುಡುಗನಿಗೆ ಅದು ಇಂಗ್ಲಿಷಿನಷ್ಟೇ ಪರಕೀಯ. ನಮ್ಮ ಮುತ್ಯಾ ಲಿಂಗಸೂಗೂರು ಕಡೆಯವರು, ಹದಿನಾಲ್ಕನೇ ವಯಸ್ಸಿಗೆ ಹೈದರಾಬಾದಿಗೆ ಓದೋಕೆ ಬಂದವರು. ಕೊನೆಗಾಲದವರೆಗೂ ಕಿರಾಣಿ ಲೆಕ್ಕವನ್ನ ಬಾಯಲ್ಲಿ ಉರ್ದುವಿನಲ್ಲೇ ಕೂಡಿಸ್ತಿದ್ರು, ಬೈಗುಳ ಮಾತ್ರ ಅಪ್ಪಟ ಕನ್ನಡ.

ಇವರೆಲ್ಲ ಎಲ್ಲಿ ಇರ್ತಿದ್ರು, ಏನು ಉಣ್ತಿದ್ರು? ಹಾಸ್ಟೆಲ್ ಎಲ್ಲರಿಗೂ ಇರಲಿಲ್ಲ. ಇಲ್ಲಿಗೆ ಬರುತ್ತೆ ನಮ್ಮ ಹಳೇ ಪದ್ಧತಿ, ವಾರಾನ್ನ. ಹೊಸ ತಲೆಮಾರಿಗೆ ಹೇಳಬೇಕಂದ್ರೆ, ಏಳು ದಿನಕ್ಕೆ ಏಳು ಮನೆ. ಸೋಮವಾರ ಒಬ್ಬರ ಮನೆ ಊಟ, ಮಂಗಳವಾರ ಇನ್ನೊಬ್ಬರದು. ದುಡ್ಡಿಲ್ಲ, ಕಾಗದವಿಲ್ಲ, ಕರಾರಿಲ್ಲ. ಐದೇ ಮನೆ ಸಿಕ್ಕಿದರೆ ಎರಡು ದಿನ ಮಂಡಕ್ಕಿ, ಇಲ್ಲವೇ ಉಪವಾಸ. ಯಾರ ಮನೆಯಲ್ಲಾದರೂ ಸೂತಕ ಬಂದರೆ, ಮನೆಯವರು ಊರಿಗೆ ಹೋದರೆ, ಆ ದಿನವೂ ಉಪವಾಸ. ಮೈಸೂರು, ಧಾರವಾಡ, ಬೆಂಗಳೂರಿನಲ್ಲಿ ಒಂದು ಇಡೀ ತಲೆಮಾರು ಹೀಗೆ ಓದಿದೆ. ಎಸ್. ಎಲ್. ಭೈರಪ್ಪನವರ ಆತ್ಮಕಥೆ 'ಭಿತ್ತಿ' ಓದಿದವರಿಗೆ ಆ ಹಸಿವು ಏನಂತ ಗೊತ್ತಿರುತ್ತೆ. ಹೈದರಾಬಾದಿನಲ್ಲೂ ನಡೆದದ್ದು ಅದೇ. ನಮ್ಮ ಮುತ್ಯಾ ಸುಲ್ತಾನ್ ಬಜಾರಿನ ಒಬ್ಬ ಅರಿವೆ ವ್ಯಾಪಾರಿಯ ಗೋದಾಮಿನ ಮೂಲೆಯಲ್ಲಿ ಮಲಗ್ತಿದ್ರು, ನಾಲ್ಕು ದಿನ ನಾಲ್ಕು ಮನೆ ಊಟ, ಉಳಿದ ಮೂರು ದಿನ ತಾವೇ ರೊಟ್ಟಿ ಬಡಿದುಕೊಳ್ತಿದ್ರು.

ಇದನ್ನ ಬರೀ ಸಿಹಿಯಾಗಿ ಹೇಳಿದರೆ ತಪ್ಪಾಗುತ್ತೆ. ವಾರಾನ್ನ ಬಹುಪಾಲು ಜಾತಿಯೊಳಗಿನ ಏರ್ಪಾಡು. ನಿನ್ನ ಜಾತಿಯ ಮನೆ ಊರಲ್ಲಿಲ್ಲ ಅಂದ್ರೆ ನಿನಗೆ ವಾರವೂ ಇಲ್ಲ. ಕೆಳಜಾತಿಯ ಹುಡುಗನಿಗೆ ಅಂಥ ಬಾಗಿಲು ತೆರೆಯೋ ಪ್ರಶ್ನೆಯೇ ಇರಲಿಲ್ಲ. ಉಣ್ಣೋ ಹುಡುಗನಿಗೂ ಅವಮಾನ ತಪ್ಪಿದ್ದಲ್ಲ. ಕೆಲವು ಮನೆಯಲ್ಲಿ ಒಳಗೆ ಕರೆದು ಬಡಿಸ್ತಿದ್ರು, ಕೆಲವು ಮನೆಯಲ್ಲಿ ಪಡಸಾಲೆಯ ಮೂಲೆ. ನೀರು ಸೇದಿಸೋದು, ಸಂತೆಗೆ ಕಳಿಸೋದು ಇದ್ದೇ ಇತ್ತು. ಈ ಕೊರತೆ ತುಂಬೋಕೆ ಅಂತಲೇ ಸಮುದಾಯಗಳು ಉಚಿತ ಹಾಸ್ಟೆಲ್ ಕಟ್ಟಿದವು. ಹೈದರಾಬಾದಿನಲ್ಲಿ 1918ರಲ್ಲಿ ರೆಡ್ಡಿ ಹಾಸ್ಟೆಲ್ ಶುರುವಾಯಿತು, ಮುಂದೆ ನಗರದ ಕೊತ್ವಾಲರಾದ ವೆಂಕಟರಾಮ ರೆಡ್ಡಿ ಅದರ ಬೆನ್ನೆಲುಬು. ನಮ್ಮ ಕಡೆ ಮಠಗಳ ಪ್ರಸಾದ ನಿಲಯಗಳು ಬಂದವು. ತುಮಕೂರಿನ ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಸಾವಿರಾರು ಮಕ್ಕಳಿಗೆ ಊಟ ವಸತಿ ಪಾಠ ಒಂದೇ ಕಡೆ ಸಿಕ್ಕಿತು. ಒಂದು ಮನೆಯ ದಯೆಯನ್ನು ಒಂದು ವ್ಯವಸ್ಥೆಯಾಗಿ ಮಾಡಿದ್ದು ಅದು.

ಕೋಠಿಗೇ ಯಾಕೆ ಈ ಹುಡುಗರು ಸೇರ್ತಿದ್ರು ಅನ್ನೋದಕ್ಕೂ ಒಂದು ಹಿನ್ನೆಲೆ ಇದೆ. ರೆಸಿಡೆನ್ಸಿಯ ಸುತ್ತಲಿನ ಬಜಾರು ನಿಜಾಮರ ಊರಿನೊಳಗಿದ್ದರೂ ಆಡಳಿತ ಬ್ರಿಟಿಷ್ ರೆಸಿಡೆಂಟರದು. 1933ರಲ್ಲಿ ಅದು ನಿಜಾಮರಿಗೆ ವಾಪಸ್ ಬಂತು. ಅಲ್ಲಿಯವರೆಗೆ ಸಭೆ, ಪತ್ರಿಕೆ, ಗ್ರಂಥಾಲಯಕ್ಕೆ ಆ ಕೆಲವು ಬೀದಿಗಳಲ್ಲಿ ಸ್ವಲ್ಪ ಉಸಿರಾಡುವ ಜಾಗ ಇತ್ತು. 1901ರಲ್ಲಿ ಸ್ಥಾಪನೆಯಾದ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಈಗಲೂ ಸುಲ್ತಾನ್ ಬಜಾರಿನಲ್ಲಿದೆ, ನಮ್ಮ ಹಂಪಿಯ ಅರಸನ ಹೆಸರಿನ ತೆಲುಗು ಗ್ರಂಥಾಲಯ. ಹತ್ತಿರದ ಜಾಂಬಾಗಿನಲ್ಲಿ ಮರಾಠಿಗರ ವಿವೇಕವರ್ಧಿನಿ ಶಾಲೆ. ಕಾಚಿಗುಡದ ಕಡೆ ಕನ್ನಡಿಗರ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ. ಉರ್ದು ರಾಜ್ಯದಲ್ಲಿ ಮೂರು ಭಾಷೆಯವರೂ ತಮ್ಮ ಮಕ್ಕಳಿಗೆ ತಮ್ಮ ಅಕ್ಷರ ಉಳಿಸೋಕೆ ಇದೇ ಒಂದೆರಡು ಮೈಲಿಯೊಳಗೆ ಗೂಡು ಕಟ್ಟಿದ್ದರು.

1938ರಲ್ಲಿ ಈ ಹುಡುಗರ ವಿಷಯ ಇನ್ನೊಂದು ತಿರುವು ತಗೊಂಡಿತು. ಉಸ್ಮಾನಿಯಾದ ಹಾಸ್ಟೆಲುಗಳಲ್ಲಿ 'ವಂದೇ ಮಾತರಂ' ಹಾಡಬಾರದು ಅಂತ ಆಜ್ಞೆ ಬಂತು. ಹುಡುಗರು ಹಾಡಿದರು. ನೂರಾರು ಜನರನ್ನು ಹೊರಗೆ ಹಾಕಿದರು. ಚಳವಳಿ ಬೇರೆ ಊರಿನ ಕಾಲೇಜುಗಳಿಗೂ ಹಬ್ಬಿತು. ಆ ವಯಸ್ಸಿನಲ್ಲಿ ಊರು, ಊಟ, ಓದು ಮೂರೂ ಒಂದೇ ದಿನ ಹೋದರೆ ಏನು ಗತಿ? ನಿಜಾಮರ ಗಡಿಯಾಚೆ ನಾಗಪುರ ವಿಶ್ವವಿದ್ಯಾಲಯ ಅವರನ್ನು ಸೇರಿಸಿಕೊಂಡಿತು. ಹೀಗೆ ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದವರಲ್ಲಿ ವರಂಗಲ್ ಕಡೆಯ ಹದಿನೇಳರ ಹುಡುಗ ಪಿ. ವಿ. ನರಸಿಂಹರಾವ್ ಒಬ್ಬ. ಮುಂದೆ ಪ್ರಧಾನಿಯಾಗಿ 1991ರಲ್ಲಿ ಬಾಗಿಲು ತೆರೆದ, ಅದರಿಂದಲೇ ನಮಗೆಲ್ಲ ಐಟಿ ಕೆಲಸ ಸಿಕ್ಕಿತು ಅಂತ ನಾವು ಆಗಾಗ ಹೇಳ್ತೀವಲ್ಲ, ಅದೇ ಮನುಷ್ಯ. ಅವನಿಗೆ ಹದಿನೇಳರಲ್ಲಿ ಬಾಗಿಲು ತೆರೆದವರು ಯಾರೋ ಇದ್ದರು ಅನ್ನೋದನ್ನ ಅದರ ಜೊತೆಗೆ ಹೇಳಬೇಕು.

ಇವತ್ತಿನ ಲೆಕ್ಕ

ಈಗ ಮೊದಲಿನ ಎಕ್ಸೆಲ್ ಶೀಟಿಗೆ ಬರೋಣ. ಹೈಸ್ಕೂಲ್ ಎಕ್ಸ್‌ಚೇಂಜ್ ಅನ್ನೋದರ ಮೂಲ ಯುದ್ಧದಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸಿದ ಅಮೆರಿಕನ್ ಸ್ವಯಂಸೇವಕರ ಸಂಘ ಎಎಫ್‌ಎಸ್. ಎರಡನೇ ಯುದ್ಧ ಮುಗಿದ ಮೇಲೆ, 1947ರಿಂದ, ಇವರು ಬೇರೆ ದೇಶದ ಹೈಸ್ಕೂಲ್ ಮಕ್ಕಳನ್ನು ಕರೆಸಿ ಅಮೆರಿಕದ ಮನೆಗಳಲ್ಲಿ ಇಡೋಕೆ ಶುರುಮಾಡಿದರು. ಸತ್ತವರನ್ನು ಹೊತ್ತು ಸಾಕಾದವರಿಗೆ ಹೊಳೆದ ಉಪಾಯ ಇದು: ಒಂದೇ ಟೇಬಲ್ಲಿನಲ್ಲಿ ಉಂಡವರು ಒಬ್ಬರ ಮೇಲೊಬ್ಬರು ಗುಂಡು ಹಾರಿಸೋದು ಕಷ್ಟ. 2001ರ ದಾಳಿಯ ಮೇಲೆ ಅಮೆರಿಕ ಸರ್ಕಾರ 'ಯೆಸ್' ಅನ್ನೋ ವಿದ್ಯಾರ್ಥಿವೇತನ ತಂದಿತು. ಮುಸ್ಲಿಮರು ಗಣನೀಯವಾಗಿರುವ ದೇಶಗಳ ಹದಿಹರೆಯದವರಿಗೆ ಒಂದು ವರ್ಷ ಅಲ್ಲಿನ ಮನೆ, ಅಲ್ಲಿನ ಶಾಲೆ. ಭಾರತದ ಮಕ್ಕಳೂ ಹೋಗ್ತಾರೆ.

ಇದರ ನಿಯಮ ಸ್ವಲ್ಪ ನೋಡಿ. ಜೆ-1 ವೀಸಾದ ಹೈಸ್ಕೂಲ್ ಎಕ್ಸ್‌ಚೇಂಜಿಗೆ ವಯಸ್ಸು 15ರಿಂದ ಹದಿನೆಂಟೂವರೆ. ಇಟ್ಟುಕೊಳ್ಳುವ ಮನೆಯವರಿಗೆ ದುಡ್ಡು ಕೊಡುವಂತಿಲ್ಲ. ಅವರ ಮನೆಗೆ ಬಂದು ಸಂದರ್ಶನ ಮಾಡ್ತಾರೆ, ಮನೆಯ ವಯಸ್ಕರೆಲ್ಲರ ಮೇಲೆ ಅಪರಾಧದ ಹಿನ್ನೆಲೆ ಇದೆಯಾ ಅಂತ ಪರೀಕ್ಷೆ ಮಾಡ್ತಾರೆ. ಸಂಸ್ಥೆಯವರು ಮಗುವನ್ನು ಪ್ರತಿ ತಿಂಗಳೂ ವಿಚಾರಿಸಬೇಕು. ವರ್ಷ ಮುಗಿದ ಮೇಲೆ ಮಗು ವಾಪಸ್ ಬರಬೇಕು.

ನನಗೆ ಇದನ್ನ ಓದಿದಾಗ ಕೋಠಿಯ ಮೂರೂ ಕಥೆ ಅದರೊಳಗೆ ಕಂಡವು. ವಾಪಸ್ ಬರಬೇಕು ಅನ್ನೋ ನಿಯಮ ಕಿಟ್ಟಿಗೆ ಇರಲಿಲ್ಲ. ತಿಂಗಳಿಗೊಮ್ಮೆ ವಿಚಾರಿಸೋರು ವಾರಾನ್ನದ ಹುಡುಗನಿಗೆ ಇರಲಿಲ್ಲ. ದುಡ್ಡಿಲ್ಲದೆ ಬಾಗಿಲು ತೆರೆಯೋದು ಮಾತ್ರ ನಮ್ಮ ಅಜ್ಜಿಯರೂ ಮಾಡ್ತಿದ್ದ ಕೆಲಸ. ಹಾಗಾಗಿ ಮಗುವನ್ನು ಕಳಿಸೋ ಮೊದಲು ಯೂನಿವರ್ಸಿಟಿ ರ್‍ಯಾಂಕಿಂಗಿಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಮೂರು. ಅವಳಿಗೆ ಹೋಗೋಕೆ ಮನಸ್ಸಿದೆಯಾ, ಇಲ್ಲ ನಮ್ಮ ಯಾವುದೋ ಸಮಸ್ಯೆಯಿಂದ ಅವಳನ್ನ ದೂರ ಇಡ್ತಿದ್ದೀವಾ? ಆ ಮನೆಯವರು ಅತಿಥಿಯನ್ನ ಬಯಸ್ತಾರಾ, ಮಗಳನ್ನ ಬಯಸ್ತಾರಾ, ಆಳನ್ನ ಬಯಸ್ತಾರಾ? ಅವಳು ಕಷ್ಟ ಹೇಳಿಕೊಳ್ಳೋಕೆ ಮನೆಯವರನ್ನ ಬಿಟ್ಟು ಆ ಊರಲ್ಲಿ ಮೂರನೆಯವರೊಬ್ಬರು ಇದ್ದಾರಾ?

ನಾಲ್ಕನೇ ಪ್ರಶ್ನೆ ನಮಗೆ. ನಮ್ಮ ತ್ರೀ ಬಿಎಚ್‌ಕೆಯ ಗೆಸ್ಟ್ ರೂಮಿನಲ್ಲಿ ಕೊನೆಯ ಸಲ ಯಾರ ಮಗು ಓದೋಕೆ ಅಂತ ಇತ್ತು? ನಮ್ಮೂರಿನಿಂದ ಕೋಚಿಂಗಿಗೆ ಬಂದ ಅಕ್ಕನ ಮಗನಿಗೆ ನಾವು ಒಳ್ಳೆ ಪಿಜಿ ಹುಡುಕಿಕೊಡ್ತೀವಿ, ಮೊದಲ ತಿಂಗಳ ಬಾಡಿಗೆಯನ್ನೂ ಕೊಡ್ತೀವಿ. ಅದು ತಪ್ಪಲ್ಲ. ಇಬ್ಬರೂ ಕೆಲಸಕ್ಕೆ ಹೋಗೋ ಮನೆ, ರಾತ್ರಿ ಕಾಲ್‌ಗಳು, ಗೊತ್ತು. ಆದರೆ ಅಮೆರಿಕದ ಅಯೋವಾದಲ್ಲಿ ಇಬ್ಬರೂ ದುಡಿಯೋ ಗಂಡ ಹೆಂಡತಿ ನಮ್ಮ ಮಗಳನ್ನ ಒಂದು ವರ್ಷ ಪುಕ್ಕಟೆ ಇಟ್ಕೊಳ್ಳಲಿ ಅಂತ ಬಯಸುವವರು, ಭಾನುವಾರ ಒಂದು ಹೊತ್ತು ಯಾರ ಮಗುವನ್ನಾದರೂ ಊಟಕ್ಕೆ ಕರೆಯೋಕೆ ಯೋಚನೆ ಮಾಡಿದರೆ ಲೆಕ್ಕ ತಾಳೆ ಆಗಲ್ಲ. ವಾರದಲ್ಲಿ ಒಂದು ದಿನ, ಜಾತಿ ಕೇಳದೆ. ಹಳೇ ವಾರಾನ್ನದಿಂದ ಒಳ್ಳೇದನ್ನ ಉಳಿಸ್ಕೊಂಡು ಕೆಟ್ಟದ್ದನ್ನ ಬಿಡೋದು ಅಂದ್ರೆ ಇಷ್ಟೇ.

ಕೊನೆಗೆ ರೆಸಿಡೆನ್ಸಿ ಕಟ್ಟಡದ ಮಾತು. 1924ರಲ್ಲಿ ಆರಂಭವಾದ ಉಸ್ಮಾನಿಯಾ ಮಹಿಳಾ ಕಾಲೇಜು 1949ರಲ್ಲಿ ಆ ಬಂಗಲೆಗೆ ಬಂತು. 2022ರಲ್ಲಿ ಅದು ಮಹಿಳಾ ವಿಶ್ವವಿದ್ಯಾಲಯ ಆಯಿತು. ಈಗ ಅದಕ್ಕೆ ತೆಲಂಗಾಣ ರೈತ ಹೋರಾಟದ ಚಾಕಲಿ ಐಲಮ್ಮನ ಹೆಸರು. ಮೂರು ವರ್ಷದ ಹುಡುಗಿಯನ್ನು ಭವಿಷ್ಯಕ್ಕೆಂದು ಹಡಗು ಹತ್ತಿಸಿದ ಮನೆಗೆ ಈಗ ಜಿಲ್ಲೆ ಜಿಲ್ಲೆಯಿಂದ ಹುಡುಗಿಯರು ಬಸ್ಸಿಳಿದು ಓದೋಕೆ ಬರ್ತಾರೆ.

ಒಂದು ಕೆಲಸ ಮಾತ್ರ ಉಳಿದಿದೆ. ಎಡ್ಮಂಡ್ ಗಾಸ್ ಹೆಸರು ಪುಸ್ತಕದಲ್ಲಿದೆ. ಶರಫುನ್ನಿಸಾ ಪತ್ರ ಬರೆಸಿದ್ದರಿಂದ ಅವರ ದನಿ ಉಳಿಯಿತು. ವಾರಾನ್ನ ಹಾಕಿದ ಹೆಂಗಸರ ಹೆಸರು ಎಲ್ಲೂ ಇಲ್ಲ. ನಮ್ಮ ಮುತ್ಯಾ ಅಂಗಡಿಗಳ ಬೋರ್ಡು, ಮೇಷ್ಟ್ರುಗಳ ಹೆಸರು ಎಲ್ಲ ಹೇಳ್ತಿದ್ರು, ಬಡಿಸಿದ ತಾಯಂದಿರನ್ನ "ಸೋಮವಾರದ ಅವ್ವ, ಗುರುವಾರದ ಅವ್ವ" ಅಂತಲೇ ಕರೀತಿದ್ರು. ನಾಲ್ವರಲ್ಲಿ ಒಬ್ಬರ ಹೆಸರೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. 1930, 40ರ ದಶಕದಲ್ಲಿ ಹುಟ್ಟಿದವರು ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ ಈ ವಾರ ಫೋನ್ ಮಾಡಿ. ಯಾವ ಊರಲ್ಲಿ ಓದಿದ್ರಿ, ಯಾವ ವಾರ ಯಾರ ಮನೆ, ಆ ಮನೆಯಾಕೆಯ ಹೆಸರೇನು ಅಂತ ಕೇಳಿ. ಫೋನಿನಲ್ಲೇ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಹೆಸರು ನೆನಪಿಲ್ಲದಿದ್ದರೂ ಪರವಾಗಿಲ್ಲ, ಏನು ಬಡಿಸ್ತಿದ್ರು ಅನ್ನೋದು ಖಂಡಿತ ನೆನಪಿರುತ್ತೆ.

ಮುಂದಿನ ಮಾತಿನಲ್ಲಿ ವಾಡಿ ರೈಲಿನ ಕಥೆ ಹೇಳ್ತೀನಿ.